ಮಲೆನಾಡಿನಲ್ಲಿ ಮೂಲಮನೆ ಹುಡುಕುವುದು ಹೇಗೆ

ಹೆಗಡೆ, ಗೌಡ, ನಾಯ್ಕ, ಭಟ್ಟ, ಪಟೇಲ. ಮಲೆನಾಡಿನಲ್ಲಿ ಇವು ಯಾವುವೂ ಒಂದೇ ರಕ್ತದ ಗುರುತಲ್ಲ. ಕೆಲವು ಹಿಂದೆ ಮಾಡುತ್ತಿದ್ದ ಅಧಿಕಾರದ ಹೆಸರು, ಕೆಲವು ಸಮುದಾಯದ ಹೆಸರು. ಹೆಸರಿಗೆ ಅಂಟಿಕೊಂಡ ಊರು ಅಜ್ಜ ಬಿಟ್ಟು ಬಂದದ್ದೋ, ಬಂದು ಸೇರಿದ್ದೋ ಎಂಬುದೂ ಹೆಸರಿನಿಂದ ತಿಳಿಯದು. ಹಾಗಾಗಿ ಮನೆತನ ಹುಡುಕುವವರು ಹೆಸರು ಬಿಟ್ಟು ಜಾಗ ಹಿಡಿಯಬೇಕು. ತೋಟ, ಗದ್ದೆ, ಮನೆದೇವರ ಬನ, ಸರ್ವೆ ನಂಬರು: ಇವುಗಳ ಬೆನ್ನು ಹತ್ತಿದರೆ ನಾಲ್ಕೈದು ತಲೆಮಾರು ಹಿಂದಕ್ಕೆ ಹೋಗಬಹುದು.

ಸ್ಕಾಟ್ಲೆಂಡಿನವರು ಇದೇ ಪಾಠ ಕಲಿತಿದ್ದಾರೆ. ಅಲ್ಲಿನ ‘ಕ್ಲ್ಯಾನ್’ ಎಂಬ ಮಾತಿಗೆ ಗೇಲಿಕ್ ಭಾಷೆಯಲ್ಲಿ ಮಕ್ಕಳು ಎಂದು ಅರ್ಥ. ಕ್ಯಾಂಬೆಲ್ ಎಂದರೆ ಆರ್ಗೈಲ್, ಮ್ಯಾಕ್ಲೌಡ್ ಎಂದರೆ ಸ್ಕೈ ದ್ವೀಪದ ಡನ್‌ವೆಗನ್ ಕೋಟೆ, ಕ್ಯಾಮರಾನ್ ಎಂದರೆ ಲೊಕಾಬರ್ ಎಂದು ನೆಲೆಗಳೂ ಗೊತ್ತು. ಆದರೆ ಆ ಹೆಸರಿನವರೆಲ್ಲ ಒಬ್ಬನೇ ಮೂಲಪುರುಷನ ಸಂತಾನವಲ್ಲ. ಒಡೆಯನ ನೆಲದಲ್ಲಿ ಸಾಗುವಳಿ ಮಾಡಿದವರು, ಅವನ ಆಶ್ರಯಕ್ಕೆ ಬಂದವರು ಕೂಡ ಅವನ ಹೆಸರನ್ನೇ ಇಟ್ಟುಕೊಂಡರು. ಒಂದೊಂದು ಕ್ಲ್ಯಾನಿಗೆ ಒಂದೊಂದು ಟಾರ್ಟನ್ ಚೌಕಳಿ ಬಟ್ಟೆ ಎಂಬ ಕಟ್ಟುಪಾಡು ಕೂಡ ಬಹುಪಾಲು 19ನೇ ಶತಮಾನದಲ್ಲಿ ಗಟ್ಟಿಯಾದದ್ದು. ಅಲ್ಲಿ ನಿಜವಾಗಿ ಹುಡುಕುವವರು ಚೌಕಳಿ ಬಿಟ್ಟು ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಊರು, ಹಿಡಿಯುತ್ತಾರೆ. 1855ರ ಜನವರಿ 1ರಿಂದ ಅಲ್ಲಿ ಜನನ, ಮದುವೆ, ಮರಣದ ನೋಂದಣಿ ಕಡ್ಡಾಯ. ಮರಣದ ದಾಖಲೆಯಲ್ಲಿ ಸತ್ತವರ ತಾಯಿಯ ತವರಿನ ಹೆಸರೂ ಇರುತ್ತದೆ. ನಮ್ಮ ದಾಖಲೆಗಳಲ್ಲಿ ಇಲ್ಲದ್ದು ಅದೇ. ಅದನ್ನು ನಾವು ಕೇಳಿ ಬರೆದುಕೊಳ್ಳಬೇಕು.

ಕೇಳುವುದರಿಂದಲೇ ಕೆಲಸ ಶುರು. ಮನೆಯ ಹಿರಿಯರನ್ನು, ಮುಖ್ಯವಾಗಿ ಅಜ್ಜಿಯಂದಿರನ್ನು, ಬೆಳಗಿನ ಹೊತ್ತು ಜಗಲಿಯಲ್ಲಿ ಕೂರಿಸಿಕೊಂಡು ಮಾತಾಡಿಸಿ. ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ‘ನಮ್ಮ ವಂಶ ಎಲ್ಲಿಂದ ಬಂತು’ ಎಂದು ಕೇಳಬೇಡಿ. ಅದಕ್ಕೆ ಕಥೆ ಬರುತ್ತದೆ. ‘ಯಾರು ಸತ್ತರೆ ನಮಗೆ ಸೂತಕ’ ಎಂದು ಕೇಳಿ. ಹತ್ತು ದಿನದ ಸೂತಕ ಯಾವ ಮನೆಗಳದ್ದು, ಮೂರು ದಿನದ್ದು ಯಾವ ಮನೆಗಳದ್ದು ಎಂದು ಬಿಡಿಸಿ ಬರೆಯಿರಿ. ದಿನದ ಲೆಕ್ಕ ಒಂದೊಂದು ಸಮುದಾಯದಲ್ಲಿ ಒಂದೊಂದು ರೀತಿ ಇದ್ದರೂ ಆ ಪಟ್ಟಿಯೇ ನಿಮ್ಮ ದಾಯಾದಿಗಳ ಪಟ್ಟಿ. ಯಾವಾಗ ಪಾಲಾಯಿತು ಎಂದು ಮರೆತ ಮನೆಗಳೂ ಸೂತಕವನ್ನು ಮರೆಯುವುದಿಲ್ಲ. ಆಮೇಲೆ ಮನೆಗೆ ಬಂದ ಪ್ರತಿ ಸೊಸೆಯ ತವರು, ಹೊರಗೆ ಕೊಟ್ಟ ಪ್ರತಿ ಹೆಣ್ಣುಮಗಳ ಗಂಡನ ಮನೆ ಕೇಳಿ. ಶ್ರಾದ್ಧ ಮಾಡುವ ಮನೆಯಾದರೆ ಪುರೋಹಿತರ ಬಾಯಲ್ಲಿ ತಂದೆ, ಅಜ್ಜ, ಮುತ್ತಜ್ಜನ ಹೆಸರು ಗೋತ್ರಸಹಿತ ಸಿಗುತ್ತದೆ. ತಾಯಿಯ ಕಡೆಯ ಹೆಸರುಗಳನ್ನೂ ಅವರಲ್ಲೇ ಕೇಳಿಕೊಳ್ಳಿ.

ಮನೆದೇವರನ್ನು ಕೇಳುವಾಗ ಇನ್ನೊಂದು ಪ್ರಶ್ನೆ ಸೇರಿಸಿ: ಹರಕೆ, ಕಾಣಿಕೆ ಸಲ್ಲಿಸುವುದು ಎಲ್ಲಿಗೆ? ಸಾಗರದ ಪಕ್ಕದಲ್ಲಿರುವ ಮನೆಯವರು ವರ್ಷಕ್ಕೊಮ್ಮೆ ಘಟ್ಟದ ಕೆಳಗಿನ ಯಾವುದೋ ನಾಗಬನಕ್ಕೆ ಹೋಗುತ್ತಾರೆ ಎಂದರೆ ಅದು ಗಟ್ಟಿ ಸುಳಿವು. ಮನೆ ಬಿಟ್ಟವರೂ ಬನದ ನಡಾವಳಿ ಬಿಡುವುದು ಅಪರೂಪ. ಆ ಬನಕ್ಕೆ ಇನ್ನಾರೆಲ್ಲ ಬರುತ್ತಾರೆ ಎಂದು ಅಲ್ಲಿನವರನ್ನೇ ವಿಚಾರಿಸಿ. ಬಯಲುಸೀಮೆಯಿಂದ ಬಂದು ನೆಲೆಸಿದ ಮನೆಯಾದರೆ ಹೆಳವರು ಬರುತ್ತಿದ್ದರೇ ಎಂದು ಕೇಳಲೇಬೇಕು. ಎತ್ತಿನ ಮೇಲೆ ಬಂದು ಮನೆಯ ವಂಶಾವಳಿ ಓದಿ ದಾನ ಪಡೆಯುವುದು ಅವರ ಕಸುಬು. ಅವರ ಪುಸ್ತಕದಲ್ಲಿ ನಿಮ್ಮ ಮನೆ ಇದ್ದರೆ ಅರ್ಧ ಕೆಲಸ ಮುಗಿದಂತೆ.

ಇನ್ನು ಕಾಗದ. ಇವತ್ತಿನ ಪಹಣಿಯಿಂದ (ಜಮೀನಿನ ಹಕ್ಕು, ಸಾಗುವಳಿಯ ದಾಖಲೆ) ಹಿಂದಕ್ಕೆ ನಡೆಯಬೇಕು. ಪಹಣಿಯ 9ನೇ ಕಾಲಂನಲ್ಲಿ ಮಾಲೀಕನ ಹೆಸರು, 10ನೇ ಕಾಲಂನಲ್ಲಿ ಅವನಿಗೆ ಜಮೀನು ಬಂದ ಬಗೆ. ಅಲ್ಲಿ ಎಂ.ಆರ್. ಎಂದು ಒಂದು ನಂಬರು, ಒಂದು ವರ್ಷ ಇರುತ್ತದೆ. ಅದು ಮ್ಯುಟೇಶನ್ ರಿಜಿಸ್ಟರಿನ, ಅಂದರೆ ಖಾತೆ ಬದಲಾವಣೆಯ ಪುಸ್ತಕದ, ನಮೂದು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಗ್ರಾಮ, ಹೋಬಳಿ, ಸರ್ವೆ ನಂಬರು, ಎಂ.ಆರ್. ನಂಬರು, ಸಾಲು (ವರ್ಷ) ಬರೆದು ದೃಢೀಕೃತ ನಕಲಿಗೆ ಅರ್ಜಿ ಕೊಡಿ. ‘ಹಳೆಯ ದಾಖಲೆ ಎಲ್ಲ ಕೊಡಿ’ ಎಂದು ಬರೆದ ಅರ್ಜಿ ಮೂಲೆ ಸೇರುತ್ತದೆ. ಯಾವ ಸಾಲಿನಿಂದ ಯಾವ ಸಾಲಿನವರೆಗೆ ಎಂದು ನಿಖರವಾಗಿ ಕೇಳಿದರೆ ಹುಡುಕುವವರಿಗೂ ಸುಲಭ.

ಎಂ.ಆರ್. ನಕಲಿನಲ್ಲಿ ಕಾರಣ ಓದಿ. ‘ಪೌತಿ ವಾರಸು’ ಎಂದಿದ್ದರೆ ಒಬ್ಬರು ತೀರಿಕೊಂಡು ಮುಂದಿನ ತಲೆಮಾರಿಗೆ ಬಂದಿದೆ. ಆ ಕಡತದಲ್ಲಿ ವಂಶವೃಕ್ಷ ಲಗತ್ತಾಗಿರುವ ಸಂಭವ ಹೆಚ್ಚು, ಅದರ ನಕಲನ್ನೂ ಕೇಳಿ. ‘ವಿಭಾಗ’ ಎಂದಿದ್ದರೆ ಅಣ್ಣತಮ್ಮಂದಿರ ಪಾಲು. ‘ಕ್ರಯ’ ಎಂದಿದ್ದರೆ ನಿಮ್ಮ ವಂಶ ಆ ಜಮೀನಿನಲ್ಲಿ ಅಲ್ಲಿಂದ ಹಿಂದಕ್ಕೆ ಇಲ್ಲ. ಕೊಂಡವರು ಎಲ್ಲಿಯವರು ಎಂದು ಕ್ರಯಪತ್ರದಲ್ಲಿ ನೋಡಬೇಕು.

ಹಿಸ್ಸಾ (ಪಾಲು) ನಂಬರುಗಳನ್ನು ಹತ್ತಿರದಿಂದ ನೋಡಿದರೆ ಅಲ್ಲೇ ಒಂದು ವಂಶವೃಕ್ಷ ಕಾಣುತ್ತದೆ. ಸರ್ವೆ ನಂಬರ್ 45 ಮೊದಲು ಒಂದೇ ಇತ್ತು ಎನ್ನಿ. ಮುಂದೆ 45/1, 45/2, 45/3 ಎಂದು ಪೋಡಿಯಾಯಿತು (ತುಂಡಾಗಿ ಬೇರೆ ನಂಬರು ಬಿತ್ತು), ಮೂವರು ಮಕ್ಕಳು. ಅದರಲ್ಲಿ 45/2 ಮತ್ತೆ ಎರಡಾಯಿತು. ನಡುವಿನವನಿಗೆ ಇಬ್ಬರು ಮಕ್ಕಳು. ಹೀಗೆ ಬರೆದುಕೊಂಡು ಪ್ರತಿ ಕವಲಿಗೂ ಎಂ.ಆರ್. ತಾಳೆ ನೋಡಿ. ಮಾರಾಟದಿಂದಲೂ ಪೋಡಿಯಾಗುತ್ತದೆ, ಕಾರಣ ನೋಡದೆ ಕೊಂಡವನನ್ನು ತಮ್ಮನೆಂದು ಬರೆದುಬಿಡುವ ಅಪಾಯ ಇಲ್ಲಿದೆ. ಆಕಾರಬಂದ್ ಕೂಡ ತರಿಸಿಕೊಳ್ಳಿ, ಆದರೆ ಅದರ ಕೆಲಸ ವಿಸ್ತೀರ್ಣ, ಖರಾಬು (ಸಾಗುವಳಿಗೆ ಬಾರದ ಜಾಗ), ಕಂದಾಯ ಹೇಳುವುದು. ಮನುಷ್ಯರ ಹೆಸರಿಗೆ ಅದನ್ನು ನೆಚ್ಚಬೇಡಿ.

ಹಳೆಯ ಬರಹದಲ್ಲಿ ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ. ‘ತಿಮ್ಮಪ್ಪ ಬಿನ್ ಮಂಜಪ್ಪ’ ಎಂದರೆ ಮಂಜಪ್ಪನ ಮಗ ತಿಮ್ಮಪ್ಪ. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ತಿಮ್ಮಪ್ಪ ಬಿನ್ ಮಂಜಪ್ಪ, ಮಂಜಪ್ಪ ಬಿನ್ ತಿಮ್ಮಪ್ಪ, ಮತ್ತೆ ತಿಮ್ಮಪ್ಪ ಬಿನ್ ಮಂಜಪ್ಪ ಎಂದು ಸರಪಳಿ ಸಾಗುತ್ತದೆ. ಎರಡು ತಲೆಮಾರು ಬಿಟ್ಟುಹೋದರೂ ಗೊತ್ತಾಗುವುದಿಲ್ಲ. ಸ್ಕಾಟ್ಲೆಂಡಿನಲ್ಲೂ ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ರೂಢಿಯಿತ್ತು. ಅಲ್ಲಿಯೂ ಇದೇ ಗೋಜಲು. ಪ್ರತಿ ಹೆಸರಿನ ಪಕ್ಕ ದಾಖಲೆಯ ವರ್ಷ, ಹೆಂಡತಿಯ ಹೆಸರು ಬರೆಯಿರಿ. ತಂದೆ ಮಗನ ನಡುವೆ 20 ವರ್ಷಕ್ಕಿಂತ ಕಡಿಮೆ ಅಥವಾ 50ಕ್ಕಿಂತ ಹೆಚ್ಚು ಅಂತರ ಕಂಡರೆ ನಿಂತು ಮತ್ತೆ ನೋಡಿ.

ದತ್ತು ಮತ್ತು ಮನೆ ಅಳಿಯತನ ಇನ್ನೊಂದು ಕವಲು. ಮನೆಯ ಹೆಸರು ಮುಂದುವರಿದಿರುತ್ತದೆ, ವಂಶ ಮಗಳ ಮೂಲಕ ಹರಿದಿರುತ್ತದೆ. ಅದನ್ನು ಮುಚ್ಚಿಡದೆ ಹಾಗೆಯೇ ಬರೆಯಿರಿ.

ಗೇಣಿ ಮಾಡುತ್ತಿದ್ದ ಮನೆಗಳ ದಾರಿ ಬೇರೆ. 9ನೇ ಕಾಲಂನಲ್ಲಿ ಒಡೆಯನ ಹೆಸರೇ ಇರುತ್ತದೆ, ನಿಮ್ಮವರು ಇರುವುದು 12ನೇ ಕಾಲಂನಲ್ಲಿ, ಸಾಗುವಳಿದಾರರಾಗಿ, ಕೈಬರಹದ ಪಹಣಿಯಲ್ಲಿ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಎಲ್ಲರಿಗೂ ಗೊತ್ತು. ಭೂ ಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಗೇಣಿದಾರರು ಫಾರಂ 7 ತುಂಬಿ ಭೂ ನ್ಯಾಯ ಮಂಡಳಿಗೆ ಕೊಟ್ಟರು. ವಂಶ ಹುಡುಕುವವರಿಗೆ ಆ ಕಡತ ಬಂಗಾರ. ಯಾರ ಕಾಲದಿಂದ ಸಾಗುವಳಿ, ತಂದೆ ಯಾರು, ಅಕ್ಕಪಕ್ಕದವರ ಸಾಕ್ಷಿ ಹೇಳಿಕೆ ಏನು ಎಂಬುದೆಲ್ಲ ಅಲ್ಲಿ ಸಿಗಬಹುದು. ಬರೇ ಆದೇಶದ ಪ್ರತಿ ಸಾಲದು, ಹೇಳಿಕೆಗಳಿರುವ ಪೂರ್ಣ ಕಡತದ ನಕಲು ಕೇಳಿ.

ಮುಳುಗಡೆಯಾದ ಊರಿನವರ ಸಂಕಟ ನಿಜವಾಗಿ ದೊಡ್ಡದು. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು, ಆಮೇಲೆ 1964ರ ಲಿಂಗನಮಕ್ಕಿ, ಶರಾವತಿ ಕಣಿವೆಯ ಊರುಗಳನ್ನೇ ನುಂಗಿದವು. ಈಗಿನ ಜಾಗದ ಪಹಣಿಯಲ್ಲಿ ಹಿಂದಕ್ಕೆ ಹೋದರೆ ಮಂಜೂರಾತಿ ಆದೇಶದಲ್ಲಿ ನಿಂತುಹೋಗುತ್ತದೆ. ಎಷ್ಟೋ ಮನೆಗಳಿಗೆ ಅದೂ ಇಲ್ಲ. ಇಂಥವರು ಹಳೆಯ ಊರಿನ ಭೂಸ್ವಾಧೀನದ ಐತೀರ್ಪು (ಪರಿಹಾರ ನಿಗದಿ ಮಾಡಿದ ಆದೇಶ) ಹುಡುಕಬೇಕು. ಖಾತೆದಾರನ ಹೆಸರು, ಸರ್ವೆ ನಂಬರು, ಪರಿಹಾರದ ಮೊತ್ತ ಅದರಲ್ಲಿರುತ್ತದೆ. ಬೇಸಿಗೆಯಲ್ಲಿ ನೀರಿಳಿದಾಗ ಹಿರಿಯರನ್ನು ಕರೆದುಕೊಂಡು ಹೋಗಿ ಮನೆಯ ಪಂಚಾಂಗ (ತಳಪಾಯ), ಬಾವಿಕಟ್ಟೆ ತೋರಿಸಲು ಹೇಳಿ, ಫೋನಿನಲ್ಲಿ ಆ ಜಾಗದ ಗುರುತು ಹಾಕಿಕೊಳ್ಳಿ. ಹಳೆಯ ಗ್ರಾಮ ನಕಾಶೆಗೆ ಅದನ್ನು ಹೊಂದಿಸಬಹುದು.

ಪಾರೀಖತ್ತು (ಪಾಲುಪತ್ರ), ಕ್ರಯಪತ್ರ, ಮರಣಶಾಸನ ಉಪನೋಂದಣಿ ಕಚೇರಿಯಲ್ಲಿರುತ್ತವೆ. 2004ಕ್ಕಿಂತ ಹಿಂದಿನದಕ್ಕೆ ಆನ್‌ಲೈನ್ ಋಣಭಾರ ಪತ್ರ ಸಾಲದು, ಕಚೇರಿಯಲ್ಲೇ ಸೂಚಿ ನೋಡಿಸಬೇಕು. ತಾಲ್ಲೂಕು, ಜಿಲ್ಲೆಯ ಗಡಿ ಬದಲಾದದ್ದನ್ನೂ ಗಮನಿಸಿ: ಹೊನ್ನಾಳಿ, ಚನ್ನಗಿರಿ 1997ರಲ್ಲಿ ದಾವಣಗೆರೆಗೆ ಹೋದವು. ಇವತ್ತಿನ ಹೊಸನಗರವನ್ನು ಹಳೆಯ ಪುಸ್ತಕಗಳಲ್ಲಿ ‘ನಗರ ತಾಲ್ಲೂಕು’ ಎಂದು ಹುಡುಕಬೇಕು. ಶಾಸನಗಳ ಸಂಕಲನವಾದ ಎಪಿಗ್ರಾಫಿಯಾ ಕರ್ನಾಟಿಕದ 8ನೇ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿಯ ಶಾಸನಗಳಿವೆ. ಶಿವಮೊಗ್ಗ, ಶಿಕಾರಿಪುರದ್ದು 7ನೆಯದರಲ್ಲಿ. ಊರಿನ ಹಳೆಯ ಹೆಸರು ತಿಳಿಯಲು ಅವು ಬೇಕೇ ಬೇಕು. 1801ರಲ್ಲಿ ಇಕ್ಕೇರಿ, ನಗರದ ಕಡೆ ಓಡಾಡಿದ ಸ್ಕಾಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಬರಹವೂ ಊರಿನ ಸ್ಥಿತಿ ತಿಳಿಯಲು ಉಪಯುಕ್ತ. ಆದರೆ ವೀರಗಲ್ಲಿನ ಹೆಸರೊಂದು ನಿಮ್ಮ ಮುತ್ತಜ್ಜನ ಹೆಸರಿಗೆ ಹೋಲಿದ ಮಾತ್ರಕ್ಕೆ ನಡುವಿನ ಮುನ್ನೂರು ವರ್ಷ ಹಾರಿ ಕೆಳದಿಯ ದಂಡನಾಯಕನಿಗೆ ಗಂಟು ಹಾಕಬೇಡಿ. ವಂಶಾವಳಿಗಳು ಕೆಡುವುದು ಇದರಿಂದಲೇ.

ತಾರೀಕಿನ ಲೆಕ್ಕ: ಶಾಲಿವಾಹನ ಶಕಕ್ಕೆ 78 ಕೂಡಿಸಿದರೆ ಇಸವಿ. ಶಕ 1785, ರುಧಿರೋದ್ಗಾರಿ ಸಂವತ್ಸರ ಎಂದರೆ 1863-64. ಶಕ ಇಲ್ಲದೆ ಸಂವತ್ಸರ ಮಾತ್ರ ಇದ್ದರೆ 60 ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. 13ನೆಯದು ಪ್ರಮಾಥಿ, 47ನೆಯದು ಪ್ರಮಾದೀಚ. ಬಾಯಲ್ಲಿ ಎರಡೂ ‘ಪ್ರಮಾದಿ’ ಆಗುತ್ತವೆ. ಒಂದು 1939-40, ಇನ್ನೊಂದು 1913-14. ಅಜ್ಜಿ ಹೇಳಿದ್ದು ಯಾವುದು ಎಂದು ತಿಳಿಯದೆ ಬರೆದರೆ ಒಂದು ತಲೆಮಾರೇ ಪಲ್ಲಟವಾಗುತ್ತದೆ.

ಅಟ್ಟದಲ್ಲೋ ನಾಗಂದಿಗೆಯಲ್ಲೋ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಸಿಕ್ಕರೆ ಅದು ಕಡತ. ಹುಣಸೆಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದದ್ದು. ಬಳಪದ ಬರಹವಾದ್ದರಿಂದ ಕೈಯಿಂದ ಉಜ್ಜಿದರೂ ಅಳಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಉಳಿಯುವುದೇ ಇಲ್ಲ. ಧೂಳನ್ನು ಮೃದುವಾದ ಒಣ ಕುಂಚದಿಂದ ಬರಹ ಮುಟ್ಟದ ಅಂಚಿನಲ್ಲಷ್ಟೇ ತೆಗೆಯಿರಿ. ಕಿಟಕಿಯ ಪಕ್ಕ ಓರೆ ಬೆಳಕಿನಲ್ಲಿ ಪ್ರತಿ ಮಡಿಕೆಯ ಚಿತ್ರ ತೆಗೆಯಿರಿ, ಪಕ್ಕದಲ್ಲೊಂದು ಅಳತೆಪಟ್ಟಿ ಇಡಿ. ಅಕ್ಷರ ಮೋಡಿ ಲಿಪಿಯಲ್ಲಿದ್ದರೆ ಓದಬಲ್ಲವರು ಕಡಿಮೆ. ಹಳೆಯ ಕಡತ, ತಾಳೆಗರಿಗಳ ಸಂಗ್ರಹವಿರುವ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ವಿಚಾರಿಸಿ. ಲ್ಯಾಮಿನೇಶನ್ ಮಾಡಿಸಬೇಡಿ, ಬಿಸಿಲಿಗೆ ಹಾಕಬೇಡಿ. ಜೂನ್ ಬರುವ ಮೊದಲು ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಲೆಯ ಹೊಗೆಗೂ ಗೋಡೆಯ ತೇವಕ್ಕೂ ದೂರವಾಗಿ, ಮಧ್ಯದ ಕೋಣೆಯ ಮರದ ಪೆಟ್ಟಿಗೆಯಲ್ಲಿ ಇಡಿ.