ಎಣ್ಣೆಯಲ್ಲಿ ಒಡೆಯದ ಪಾಂಜೆರೊಟ್ಟಿ: ಕಣಕ ಇಟಲಿಯದು, ಹೂರಣ ಹೈಟಿಯದು

ದಕ್ಷಿಣ ಇಟಲಿಯ ಪುಲ್ಯಾ ಪ್ರಾಂತ್ಯದಲ್ಲಿ ಪಾಂಜೆರೊಟ್ಟಿ ಅಂತ ಒಂದು ಕರಿದ ತಿಂಡಿ ಇದೆ. ಯೀಸ್ಟ್ ಹಾಕಿ ಉಬ್ಬಿಸಿದ ಕಣಕ, ಒಳಗೆ ಹೆಚ್ಚಾಗಿ ಟೊಮೆಟೊ ಮತ್ತು ಮೊಝರೆಲ್ಲಾ, ಕೆಲವೊಮ್ಮೆ ಖೀಮಾ. ಕೆರಿಬಿಯನ್‌ನ ಹೈಟಿ ದೇಶದ ಬೀದಿಗಳಲ್ಲಿ ಪಾತೆ ಕೋದೆ ಅಂತ ಹೂರಣ ತುಂಬಿ ಮಡಿಸಿದ ತಿಂಡಿ ಕರಿದು ಮಾರುತ್ತಾರೆ. ಅದರೊಳಗೆ ಹೊಗೆ ಹಾಕಿದ ಮೀನು, ಮೊಟ್ಟೆ ಅಥವಾ ಖೀಮಾ ಇರುತ್ತದೆ. ಪಕ್ಕದಲ್ಲಿ ಕಣ್ಣಲ್ಲಿ ನೀರು ತರಿಸುವ ಪಿಕ್ಲೀಸ್, ಅಂದರೆ ವಿನೆಗರ್‌ನಲ್ಲಿ ನೆನೆಸಿದ ಎಲೆಕೋಸಿನ ಉಪ್ಪಿನಕಾಯಿ. ಪುಲ್ಯಾದ ಮೆತ್ತನೆಯ ಕಣಕದೊಳಗೆ ಹೈಟಿಯ ಖಾರದ ಖೀಮಾ ಇಟ್ಟರೆ ಎರಡೂ ಸೊಗಸಾಗಿ ಹೊಂದಿಕೊಳ್ಳುತ್ತವೆ.

ಇದನ್ನು ಮಾಡಲು ಹೋದವರು ರುಚಿಯಲ್ಲಿ ಸೋಲುವುದು ಕಡಿಮೆ. ಎಣ್ಣೆಗೆ ಬಿಟ್ಟ ಅರೆ ನಿಮಿಷಕ್ಕೇ ಅಂಚು ಬಾಯಿ ಬಿಟ್ಟು, ಖೀಮಾ ಎಲ್ಲಾ ಬಾಣಲೆಗೆ ಸುರಿಯುತ್ತದೆ ನೋಡಿ, ಸೋಲುವುದು ಅಲ್ಲಿ. ಎಷ್ಟೋ ಅಡುಗೆಮನೆಗಳಲ್ಲಿ ಇದನ್ನೇ ನೋಡಿದ್ದೇನೆ. ಎಲ್ಲರೂ ಕಣಕವನ್ನು ಬೈಯುತ್ತಾರೆ. ತಪ್ಪು ಹೂರಣದ್ದು.

ಹಿಂದಿನ ದಿನ: ಪಿಕ್ಲೀಸ್. ಕಾಲು ಎಲೆಕೋಸು, ಒಂದು ಕ್ಯಾರೆಟ್, ಒಂದು ಈರುಳ್ಳಿ ಸಣ್ಣಗೆ ಹೆಚ್ಚಿ. ಒಂದು ಸ್ಕಾಚ್ ಬಾನೆಟ್ ಮೆಣಸಿನಕಾಯಿ, ನಾಲ್ಕು ಲವಂಗ, ಕೆಲವು ಕಾಳುಮೆಣಸು, ಉಪ್ಪು, ನಿಂಬೆರಸ ಸೇರಿಸಿ ಬಾಟಲಿಗೆ ತುಂಬಿ, ಮುಳುಗುವಷ್ಟು ವಿನೆಗರ್ ಹಾಕಿ. ಅಷ್ಟೇ. ಮೆಣಸಿನಕಾಯಿ ಹೆಚ್ಚುವಾಗ ಕೈಗವಸು ಹಾಕಿಕೊಳ್ಳಿ. ಸ್ಕಾಚ್ ಬಾನೆಟ್ ಸಿಗದಿದ್ದರೆ ಹಬನೇರೋ ಆಗುತ್ತದೆ. ಸೂಜಿಮೆಣಸು ಹಾಕಿದರೆ ಖಾರ ಬರುತ್ತದೆ, ಆ ಹಣ್ಣಿನ ಪರಿಮಳ ಬರುವುದಿಲ್ಲ.

ಕಣಕ. ಮೈದಾ 400 ಗ್ರಾಂ, ಚಿರೋಟಿ ರವೆ 100 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಉಪ್ಪು 10 ಗ್ರಾಂ, ಒಂದು ಚಮಚ ಸಕ್ಕರೆ, ಎರಡು ದೊಡ್ಡ ಚಮಚ ಆಲಿವ್ ಎಣ್ಣೆ, ಉಗುರುಬೆಚ್ಚಗಿನ ನೀರು ಸುಮಾರು 280 ಮಿಲಿ. ಹತ್ತು ನಿಮಿಷ ನಾದಿ, ಎರಡರಷ್ಟು ಆಗುವವರೆಗೆ ಮುಚ್ಚಿಡಿ. ಹನ್ನೆರಡು ಉಂಡೆ ಮಾಡಿ ಇನ್ನೂ ಅರ್ಧ ಗಂಟೆ ಬಿಡಿ. ಈ ಎರಡನೇ ವಿಶ್ರಾಂತಿ ಬಿಟ್ಟರೆ ಲಟ್ಟಿಸಿದ್ದು ಮತ್ತೆ ಮುದುಡಿಕೊಳ್ಳುತ್ತದೆ.

ಎಪೀಸ್. ಹೈಟಿಯ ಅಡುಗೆಯ ಬೇರು ಈ ಹಸಿ ಮಸಾಲೆ. ನಾಲ್ಕು ಈರುಳ್ಳಿ ಹೂವಿನ ದಂಟು, ಒಂದು ಹಿಡಿ ಪಾರ್ಸ್ಲಿ, ಎಂಟು ಎಸಳು ಬೆಳ್ಳುಳ್ಳಿ, ಅರ್ಧ ದೊಣ್ಣೆಮೆಣಸು, ಒಂದು ಚಮಚ ಥೈಮ್, ಎರಡು ಲವಂಗ, ಅರ್ಧ ಸ್ಕಾಚ್ ಬಾನೆಟ್, ನಿಂಬೆರಸ ಮತ್ತು ಎಣ್ಣೆ ಎರಡೆರಡು ಚಮಚ. ಎಲ್ಲಾ ಸೇರಿಸಿ ತರಿತರಿಯಾಗಿ ರುಬ್ಬಿ. ಪಾರ್ಸ್ಲಿ ಬದಲು ಕೊತ್ತಂಬರಿ ಹಾಕಬೇಡಿ. ಹಾಕಿದರೆ ಅದು ನಮ್ಮ ಮನೆಯ ಖೀಮಾ ಆಗುತ್ತದೆ, ಹೈಟಿ ಎಲ್ಲಿ ಉಳಿಯಿತು? ಬಾಟಲಿಯ ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಅಂತೂ ಬೇಡವೇ ಬೇಡ. ಅದರ ಹುಳಿವಾಸನೆ ಥೈಮನ್ನು ಮುಚ್ಚಿಹಾಕುತ್ತದೆ. ಪಿಜ್ಜಾ ಜೊತೆ ಬರುವ ಆ ಪುಡಿ ಪೊಟ್ಟಣ ಉಳಿದಿದೆ ಅಂತ ಸುರಿಯುವವರಿದ್ದಾರೆ. ಅದರಿಂದ ಇಟಲಿ ಬರುವುದಿಲ್ಲ, ಒಣಹುಲ್ಲಿನ ರುಚಿ ಬರುತ್ತದೆ.

ಹೂರಣ. ಇಲ್ಲಿ ಆತುರ ಬೇಡ. 400 ಗ್ರಾಂ ದನದ ಅಥವಾ ಮೇಕೆಯ ಖೀಮಾಗೆ ಮೂರು ದೊಡ್ಡ ಚಮಚ ಎಪೀಸ್ ಬೆರೆಸಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಅಗಲ ಬಾಣಲೆಯಲ್ಲಿ ಈರುಳ್ಳಿ, ಕ್ಯಾರೆಟ್, ಸೆಲರಿ ಮೂರನ್ನೂ ತೀರಾ ಸಣ್ಣಗೆ ಹೆಚ್ಚಿ, ಸಣ್ಣ ಉರಿಯಲ್ಲಿ ಬಾಡಿಸಿ. ಇದು ಇಟಲಿಯ ಸೊಫ್ರಿತ್ತೊ. ಒಂದೂವರೆ ಚಮಚ ಟೊಮೆಟೊ ಪೇಸ್ಟ್ ಹಾಕಿ, ಇಟ್ಟಿಗೆ ಬಣ್ಣ ಬರುವವರೆಗೆ ಹುರಿಯಿರಿ. ಹಸಿ ಟೊಮೆಟೊ ಬೇಡ, ನೀರು ಜಾಸ್ತಿ.

ಈಗ ಉರಿ ದೊಡ್ಡದು ಮಾಡಿ ಖೀಮಾ ಹಾಕಿ. ಉಪ್ಪು ಸ್ವಲ್ಪ ಕಮ್ಮಿಯೇ ಇರಲಿ, ಮುಂದೆ ಚೀಸ್ ಬರುತ್ತದೆ. ಹೈಟಿಯಲ್ಲಿ ಬಹಳ ಜನ ಮ್ಯಾಗಿ ಕ್ಯೂಬ್ ಹಾಕುತ್ತಾರೆ. ಚೀಸ್ ಇದ್ದಾಗ ಅದು ಬೇಡ ಅಂತ ನನ್ನ ಅಭಿಪ್ರಾಯ. ಖೀಮಾ ಮೊದಲು ನೀರು ಬಿಡುತ್ತದೆ, ಅದರಲ್ಲೇ ಬೇಯುತ್ತದೆ. ಹೆಚ್ಚಿನವರು ಇಲ್ಲೇ ಒಲೆ ಆರಿಸಿಬಿಡುತ್ತಾರೆ. ಬೆಂದಿದೆ ನಿಜ, ಒಣಗಿಲ್ಲ. ನೀರು ಹಬೆಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹೂರಣದಲ್ಲಿ ಒಂದು ಚಮಚ ನೀರು ಉಳಿದರೂ ಸಾಕು, ಆ ಹಬೆಗೆ ಹೊರಗೆ ಬರಲು ದಾರಿ ಬೇಕು. ಅದು ನಿಮ್ಮ ಅಂಚನ್ನೇ ಹುಡುಕುತ್ತದೆ.

ಹಾಗಾಗಿ ಕೈಯಾಡಿಸುತ್ತಾ ಇನ್ನೂ ಹುರಿಯಿರಿ. ನೀರಿನ ಕೊತಕೊತ ನಿಂತು ಎಣ್ಣೆಯ ಚಿಟಪಟ ಶುರುವಾಗಬೇಕು. ಸೌಟಿನಿಂದ ನಡುವೆ ಒಂದು ಗೆರೆ ಎಳೆಯಿರಿ. ಆ ಗೆರೆಗೆ ರಸ ಹರಿದು ಬಂದರೆ ಇನ್ನೂ ಆಗಿಲ್ಲ. ಗೆರೆ ಹಾಗೇ ಉಳಿದು ತುಸು ಕೊಬ್ಬು ಮಾತ್ರ ಹೊಳೆದರೆ ಆಯಿತು. ಬಾಣಲೆ ಓರೆ ಮಾಡಿ ಹೆಚ್ಚಿನ ಕೊಬ್ಬು ಬಸಿಯಿರಿ. ತಟ್ಟೆಯಲ್ಲಿ ಹರಡಿ ಆರಿಸಿ, ಆಮೇಲೆ ಫ್ರಿಜ್‌ನಲ್ಲಿ ತಣ್ಣಗೆ ಮಾಡಿ. ಬಿಸಿ ಹೂರಣ ಇಟ್ಟರೆ ಕಣಕ ಒಳಗಿಂದಲೇ ಬೆವರುತ್ತದೆ. ಕೊನೆಗೆ 60 ಗ್ರಾಂ ತುರಿದ ಪೆಕೊರಿನೊ ಅಥವಾ ಪಾರ್ಮೆಸಾನ್ ಚೀಸ್, ಒಂದು ಚಮಚ ಬ್ರೆಡ್ ಪುಡಿ ಬೆರೆಸಿ.

ಮೊಝರೆಲ್ಲಾ ಇಲ್ಲದೆ ಪಾಂಜೆರೊಟ್ಟಿಯಾ ಅಂತ ಕೇಳುವವರು ಇರುತ್ತಾರೆ. ನೀರಿನಲ್ಲಿ ತೇಲುವ ಹಸಿ ಮೊಝರೆಲ್ಲಾ ಆದರೆ ಖಂಡಿತ ಬೇಡ. ಆಸೆ ಬಿಡದಿದ್ದರೆ ಪಿಜ್ಜಾಗೆ ಬಳಸುವ ಗಟ್ಟಿ ಮೊಝರೆಲ್ಲಾ ಸ್ವಲ್ಪ ತುರಿದು ಹಾಕಿ.

ಮಡಿಸುವುದು. ಉಂಡೆಯನ್ನು ಸುಮಾರು 16 ಸೆಂ.ಮೀ. ಅಗಲಕ್ಕೆ, 3 ಮಿ.ಮೀ. ದಪ್ಪಕ್ಕೆ ಲಟ್ಟಿಸಿ. ಹಿಟ್ಟು ಉದುರಿಸುವುದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಅಂಚಿಗೆ ಒಣಹಿಟ್ಟು ಮೆತ್ತಿದರೆ ಅದು ಅಂಟುವುದಿಲ್ಲ. ಅರ್ಧಭಾಗದಲ್ಲಿ ಎರಡು ದೊಡ್ಡ ಚಮಚ ಹೂರಣ ಇಡಿ, ಅಂಚಿನ ಒಂದೂವರೆ ಸೆಂ.ಮೀ. ಖಾಲಿ ಇರಲಿ. ಅಲ್ಲಿಗೆ ಕೊಬ್ಬು ತಾಗಬಾರದು. ತಾಗಿದರೆ ಬಟ್ಟೆಯಿಂದ ಒರೆಸಿ. ಬೆರಳು ಒದ್ದೆ ಮಾಡಿ ಅಂಚಿಗೆ ಸವರಿದಂತೆ ಮಾಡಿ, ಮಡಿಸಿ. ಮೊದಲು ಹೂರಣದ ಬುಡದಿಂದ ಹೊರಗೆ ಒತ್ತುತ್ತಾ ಗಾಳಿ ಓಡಿಸಿ. ಒಳಗೆ ಉಳಿದ ಗಾಳಿಯೂ ಬಿಸಿಗೆ ಹಿಗ್ಗುತ್ತದೆ. ಆಮೇಲೆ ಅಂಚು ಗಟ್ಟಿಯಾಗಿ ಒತ್ತಿ, ಕರ್ಜಿಕಾಯಿಗೆ ಕೈಯಲ್ಲೇ ಮುರಿಗೆ ಕಟ್ಟುವ ಹಾಗೆ ಸಣ್ಣ ಸಣ್ಣ ಮಡಿಕೆ ಹಾಕುತ್ತಾ ಹೋಗಿ.

ಕರ್ಜಿಕಾಯಿಯ ಪ್ಲಾಸ್ಟಿಕ್ ಅಚ್ಚು ಇದೆಯಲ್ಲಾ ಅಂತ ತೆಗೆಯಬೇಡಿ. ಯೀಸ್ಟ್ ಕಣಕ ದಪ್ಪ, ಅಚ್ಚಿನಿಂದ ತೆಗೆದ ಕೂಡಲೇ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಫೋರ್ಕ್‌ನಲ್ಲಿ ಒತ್ತಿದರೆ ಚಂದ ಕಾಣುತ್ತದೆ, ಆದರೆ ಹಲ್ಲು ತೂರಿದ ಕಡೆಯೆಲ್ಲಾ ತೂತು. ಮಡಿಸಿದವನ್ನು ಬಟ್ಟೆಯ ಮೇಲೆ ಹತ್ತು ನಿಮಿಷ ಬಿಡಿ, ಅದಕ್ಕಿಂತ ಜಾಸ್ತಿ ಬೇಡ.

ಕರಿಯುವುದು. ಕಡಲೆಕಾಯಿ ಎಣ್ಣೆ ಒಳ್ಳೆಯದು, ಐದಾರು ಸೆಂ.ಮೀ. ಆಳ ಇರಲಿ. ಬಿಸಿ 175ರಿಂದ 180 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಇಲ್ಲದಿದ್ದರೆ ಕಣಕದ ಚೂರು ಹಾಕಿ ನೋಡಿ, ತಕ್ಷಣ ಮೇಲೆದ್ದು ಸುತ್ತ ಗುಳ್ಳೆ ಬರಬೇಕು. ಒಮ್ಮೆಗೆ ಎರಡೇ ಹಾಕಿ. ಮೇಲ್ಭಾಗಕ್ಕೆ ಸೌಟಿನಿಂದ ಬಿಸಿ ಎಣ್ಣೆ ಎರಚುತ್ತಿದ್ದರೆ ಎರಡೂ ಕಡೆ ಒಂದೇ ಸಮ ಉಬ್ಬುತ್ತದೆ. ಒಂದೊಂದು ಬದಿಗೆ ಎರಡು ನಿಮಿಷ ಸಾಕು. ಒಂದು ಒಡೆದರೆ ಕೂಡಲೇ ತೆಗೆಯಿರಿ, ಎಣ್ಣೆಗೆ ಬಿದ್ದ ಖೀಮಾ ಜಾಲರಿ ಸೌಟಿನಿಂದ ಎತ್ತಿ. ಇಲ್ಲದಿದ್ದರೆ ಮುಂದಿನವೆಲ್ಲಾ ಕರಕಲು ವಾಸನೆ. ಪೇಪರ್ ಮೇಲೆ ಹಾಕಬೇಡಿ, ತಳ ಮೆತ್ತಗಾಗುತ್ತದೆ. ತಂತಿ ಜಾಲರಿ ಮೇಲೆ ಇಡಿ.

ಐದು ನಿಮಿಷ ಬಿಟ್ಟು ತಿನ್ನಿ, ಒಳಗೆ ಸುಡುತ್ತಿರುತ್ತದೆ. ಮೊದಲು ತುದಿ ಕಚ್ಚಿ, ಆ ಬಾಯಿಯೊಳಗೆ ಪಿಕ್ಲೀಸ್ ತುರುಕಿ. ಎಲ್ಲವನ್ನೂ ಅವತ್ತೇ ಕರಿದುಬಿಡಿ. ಹಸಿಯಾಗಿ ಫ್ರಿಜ್‌ನಲ್ಲಿಟ್ಟರೆ ಬೆಳಗ್ಗೆ ತಳ ಒದ್ದೆಯಾಗಿರುತ್ತದೆ. ಕರಿದು ಉಳಿದದ್ದನ್ನು ಓವನ್‌ನಲ್ಲಿ 180 ಡಿಗ್ರಿಗೆ ಎಂಟು ನಿಮಿಷ ಬಿಸಿ ಮಾಡಿದರೆ ಗರಿ ವಾಪಸ್ ಬರುತ್ತದೆ. ಮೈಕ್ರೊವೇವ್‌ಗೆ ಹಾಕಿದರೆ ರಬ್ಬರ್.