ಗುರ್ಸ್ ಶಿಬಿರದ ಕಾಗದ ಓದುವುದು ಹೇಗೆ?

ಜರ್ಮನಿಯ ಮ್ಯಾನ್‌ಹೈಮ್, ಹೈಡೆಲ್‌ಬರ್ಗ್ ಕಡೆ ಕೆಲಸಕ್ಕೆ ಹೋದ ಕನ್ನಡಿಗರು ಫುಟ್‌ಪಾತಿನಲ್ಲಿ ಅಂಗೈಯಗಲದ ಹಿತ್ತಾಳೆ ತಗಡುಗಳನ್ನು ನೋಡಿರುತ್ತಾರೆ. ಮೇಲೊಂದು ಹೆಸರು, ಹುಟ್ಟಿದ ವರ್ಷ, ಅದರ ಕೆಳಗೆ ‘ಗಡೀಪಾರು 1940, ಗುರ್ಸ್’ ಎಂಬ ಕೆತ್ತನೆ. ಗುರ್ಸ್ ಇರುವುದು ಫ್ರಾನ್ಸಿನ ನೈಋತ್ಯ ಮೂಲೆಯಲ್ಲಿ, ಪಿರನೀಸ್ ಬೆಟ್ಟಗಳ ಬುಡದಲ್ಲಿ. 1940ರ ಅಕ್ಟೋಬರ್ 22ರಂದು ನಾಜಿಗಳು ಈ ಊರುಗಳಿರುವ ಬಾಡೆನ್ ಮತ್ತು ಪಕ್ಕದ ಸೀಮೆಯ ಯಹೂದಿಗಳನ್ನು ಮನೆಯಿಂದ ಎಬ್ಬಿಸಿ ರೈಲು ಹತ್ತಿಸಿದರು. ಸುಮಾರು 6,500 ಜನ. ತಲೆಗೆ 50 ಕಿಲೋ ಸಾಮಾನು, 100 ಮಾರ್ಕ್ ದುಡ್ಡು. ರೈಲು ಹೊರಟಿದ್ದು ಗುರ್ಸ್‌ನ ಬಂಧನ ಶಿಬಿರದ ಕಡೆಗೆ.

ಅವರು ಬರೆದ ಕಾಗದಗಳು ಯಹೂದಿಗಳ ಹತ್ಯಾಕಾಂಡದ ನೆನಪು ಕಾಯುವ ವಾಷಿಂಗ್ಟನ್ನಿನ ಹಾಲೊಕಾಸ್ಟ್ ಮ್ಯೂಸಿಯಂ, ಜೆರುಸಲೇಮಿನ ಯಾದ್ ವಶೇಮ್‌ನಂಥ ಕಡೆ ಇವೆ. ಕೆಲವನ್ನು ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ನೋಡಬಹುದು. ಆದರೆ ತೆರೆದ ಕೂಡಲೇ ಒಕ್ಕಣೆಗೆ ಕೈ ಹಾಕಬೇಡಿ. ‘ಉಭಯ ಕುಶಲೋಪರಿ’ಯ ಆಚೆಗೆ ಏನೂ ಇಲ್ಲ ಅನ್ನಿಸಿ ಬೇಜಾರಾಗುತ್ತದೆ.

ಮೊದಲು ವಿಳಾಸ ನೋಡಿ. ಕಳಿಸಿದವರ ಹೆಸರಿನ ಜೊತೆ ‘ಇಲೋ’ ಎಂಬ ಪದ, ಒಂದು ಅಕ್ಷರ, ಬ್ಯಾರಕ್ಕಿನ ನಂಬರು ಇರುತ್ತವೆ. ಇಲೋ ಅಂದರೆ ಮುಳ್ಳುತಂತಿ ಸುತ್ತಿದ ಒಂದು ಪಾಲು. ಶಿಬಿರದಲ್ಲಿ ಇಂಥವು 13 ಇದ್ದವು. ಗಂಡಸರ ಇಲೋ ಬೇರೆ, ಹೆಂಗಸರದ್ದು ಬೇರೆ. ದಾಟಬೇಕಾದರೆ ಪಾಸ್ ಬೇಕು. ಗಂಡ ಹೆಂಡತಿ ಇಬ್ಬರ ಕಾರ್ಡೂ ಸಿಕ್ಕರೆ ಅಕ್ಷರ ಹೋಲಿಸಿ. ‘ಅಪ್ಪನನ್ನು ಮೊನ್ನೆ ನೋಡಿದೆ’ ಅಂತ ತಾಯಿ ಮಗನಿಗೆ ಬರೆದರೆ ಅದು ದೊಡ್ಡ ಸುದ್ದಿ ಯಾಕೆ ಅಂತ ಆಗ ಗೊತ್ತಾಗುತ್ತದೆ.

ಆಮೇಲೆ ಮುದ್ರೆ, ಅಂಟುಪಟ್ಟಿ. ಪೆತೇನ್ ಮುಖದ ಅಂಚೆಚೀಟಿ ಇದ್ದರೆ ವಿಶಿ ಸರ್ಕಾರದ ಕಾಲದ್ದು, ಅಂದರೆ ಫ್ರಾನ್ಸ್ ಜರ್ಮನಿಗೆ ಸೋತ ಮೇಲೆ ಪೆತೇನ್ ನಡೆಸಿದ ಸರ್ಕಾರ. ಕವರಿನ ಅಂಚು ಕತ್ತರಿಸಿ ಮತ್ತೆ ಅಂಟಿಸಿದ ಪಟ್ಟಿ ಇದ್ದರೆ ಸೆನ್ಸಾರಿನವರು ಓದಿದ್ದಾರೆ ಅಂತ ಲೆಕ್ಕ. ಪಟ್ಟಿ ಎಷ್ಟು, ಯಾವ ಭಾಷೆಯದ್ದು ಅಂತ ಎಣಿಸಿ. ಯಾವ್ಯಾವ ದೇಶದವರು ಬಿಚ್ಚಿ ನೋಡಿದರು ಅನ್ನೋದು ಅಲ್ಲೇ ಸಿಗುತ್ತದೆ.

ಇನ್ನು ಕೈಬರಹ. ನಿಜವಾದ ತಲೆನೋವು ಇದೇ. ಆಗಿನ ದೊಡ್ಡವರು ಬರೆಯುತ್ತಿದ್ದುದು ಕುರೆಂಟ್ ಎಂಬ ಹಳೇ ಜರ್ಮನ್ ಮೋಡಿ ಬರಹ. ಇವತ್ತಿನ ಹೆಚ್ಚಿನ ಜರ್ಮನ್ನರಿಗೇ ಓದಲು ಬರುವುದಿಲ್ಲ. ನಮ್ಮಲ್ಲಿ ಮೋಡಿ ಲಿಪಿಯ ಹಳೇ ಕಡತ ಬಿಚ್ಚಿದವರಿಗೆ ಈ ಕಷ್ಟ ಗೊತ್ತು. ಇದರಲ್ಲಿ ‘ಇ’ (e)ಯೂ ‘ಎನ್’ (n)ನೂ ಒಂದೇ ಥರ ಕಾಣುತ್ತವೆ. ‘ಯು’ (u) ಅಕ್ಷರದ ತಲೆ ಮೇಲೆ ಮಾತ್ರ ಒಂದು ಸಣ್ಣ ಕೊಂಕಿ ಇರುತ್ತದೆ. ಅದನ್ನೇ ಹಿಡಿದು ಹೊರಡಿ. ತಾರೀಖು, ಊರು, ಮಕ್ಕಳ ಹೆಸರು, ಹೀಗೆ ಮೊದಲೇ ಗೊತ್ತಿರುವ ಪದ ಹುಡುಕಿ, ಅವುಗಳ ಅಕ್ಷರಗಳನ್ನು ಒಂದು ಹಾಳೆಯಲ್ಲಿ ಬಿಡಿಸಿಕೊಳ್ಳಿ. ಎರಡು ಕಾಗದ ಮುಗಿಯುವಷ್ಟರಲ್ಲಿ ಅದೇ ನಿಮ್ಮ ಕಾಗುಣಿತ.

ಏನು ಕೇಳುತ್ತಾರೆ, ಗುರುತು ಹಾಕಿ. ನನಗೆ ಒಕ್ಕಣೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ‘ಚೆನ್ನಾಗಿದ್ದೇವೆ’ ಅಂದವರು ಎರಡು ಸಾಲು ಬಿಟ್ಟು ಗಟ್ಟಿ ಬೂಟು ಕಳಿಸಿ ಅಂದರೆ ಸುಮ್ನೆ ಅಲ್ಲ. ಗುರ್ಸ್‌ನ ಕೆಸರು ಅಂಥದ್ದು. ಕಾಲು ಹೂತುಹೋಗಿ ಕಕ್ಕಸಿಗೆ ಹೋಗುವುದೂ ಮುದುಕರಿಗೆ ಕಷ್ಟವಾಗಿತ್ತು. ಆ ಶಿಬಿರದಲ್ಲೇ ತೀರಿಕೊಂಡವರು 1,000ಕ್ಕೂ ಜಾಸ್ತಿ. ಇನ್ನೊಂದು ಪದ ‘ಅಫಿಡವಿಟ್’. ನಮಗದು ಕೋರ್ಟಿನ ಕಾಗದ ಅಲ್ವಾ? ಇವರಿಗೆ ಅದು, ಅಮೆರಿಕದಲ್ಲಿರುವ ನೆಂಟರು ‘ಇವರ ಖರ್ಚು ನನ್ನದು’ ಅಂತ ಬರೆದುಕೊಡುವ ಮುಚ್ಚಳಿಕೆ. ಅದಿಲ್ಲದೆ ವೀಸಾದ ಆಸೆ ಇಲ್ಲ. ಮಾರ್ಸೇ ಊರಿನ ಹೆಸರು ಬಂದರೆ ಅಮೆರಿಕದ ಕಾನ್ಸುಲೇಟಿನ ಮಾತು ಬಂತು ಅಂತ ತಿಳಿಯಿರಿ.

ಕೆಲವರು ಸೆನ್ಸಾರಿನ ಕಣ್ಣು ತಪ್ಪಿಸಲು ಹೀಬ್ರೂ ಪದಗಳನ್ನು ಮನುಷ್ಯರ ಹೆಸರಿನಂತೆ ಬಳಸುತ್ತಿದ್ದರು. ‘ಲೆಹೆಮ್ ಮಾಮ ನಮ್ಮ ಕಡೆ ಬರುವುದೇ ಅಪರೂಪ’ ಎಂಬಂಥ ಸಾಲು ಕಂಡರೆ ನಿಲ್ಲಿ. ಲೆಹೆಮ್ ಅಂದರೆ ರೊಟ್ಟಿ.

ಉತ್ತರವನ್ನು ಊಹಿಸಿ. ಸಾಮಾನ್ಯವಾಗಿ ಸಿಗುವುದು ಒಂದು ಕಡೆಯ ಮಾತು. ಕಾಗದ ಜೋಪಾನ ಮಾಡಿದವರು ಹೊರಗಿದ್ದವರು, ಅದರಲ್ಲೂ ಶಿಬಿರದಿಂದ ಬಿಡಿಸಿ ಮಕ್ಕಳ ಮನೆಗಳಿಗೆ ಕಳಿಸಿದ ಮಕ್ಕಳು. ಅವರು ಬರೆದ ಉತ್ತರ ಅಪ್ಪ ಅಮ್ಮನ ಜೊತೆಗೇ ಹೋಯಿತು. ‘ನಿನ್ನ 14ನೇ ತಾರೀಖಿನ ಕಾಗದ ತಲುಪಿತು, ಹಲ್ಲು ನೋವು ಹೋಯಿತಾ?’ ಎಂಬಂಥ ಸಾಲುಗಳನ್ನೆಲ್ಲ ಬೇರೆ ಬರೆದಿಡಿ. ಕಳೆದುಹೋದ ಅರ್ಧ ಅಲ್ಲಿ ಸ್ವಲ್ಪ ಕಾಣುತ್ತದೆ.

ಕೊನೆಗೆ ತಾರೀಖು. 1942ರ ಆಗಸ್ಟ್ 6ರಂದು ಗುರ್ಸ್‌ನಿಂದ ಮೊದಲ ತಂಡ ಪ್ಯಾರಿಸ್ ಪಕ್ಕದ ದ್ರಾನ್ಸಿ ಶಿಬಿರಕ್ಕೆ ಹೊರಟಿತು. 10ರಂದು ಅಲ್ಲಿಂದ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಸ್‌ಗೆ. ಕಟ್ಟಿನ ಕೊನೆಯ ಕಾಗದ ಜುಲೈ, ಆಗಸ್ಟಿನದ್ದಾದರೆ ಇದನ್ನು ನೆನಪಿಡಿ. ಅದರ ನಂತರ ಮಕ್ಕಳು ಹಾಕಿದ ಕಾರ್ಡು ಕೆಲವೊಮ್ಮೆ ವಾಪಸ್ ಬರುತ್ತಿತ್ತು, ‘ವಿಳಾಸ ಕೊಡದೆ ಹೋಗಿದ್ದಾರೆ’ ಎಂಬ ಫ್ರೆಂಚ್ ಮುದ್ರೆಯೊಂದಿಗೆ.

ಹೆಸರನ್ನು ಯಾದ್ ವಶೇಮ್ ಪಟ್ಟಿಯಲ್ಲೋ, ನಾಜಿಗಳ ಕೈಗೆ ಸಿಕ್ಕಿ ನೊಂದವರ ಕಾಗದಪತ್ರ ಕೂಡಿಟ್ಟ ಜರ್ಮನಿಯ ಆರೋಲ್ಸನ್ ದಾಖಲೆಗಳಲ್ಲೋ ಪುಕ್ಕಟೆಯಾಗಿ ಹುಡುಕಬಹುದು. ಹೆಂಗಸರ ಹೆಸರಿನ ಮಧ್ಯೆ ‘ಸಾರಾ’, ಗಂಡಸರದ್ದರಲ್ಲಿ ‘ಇಸ್ರೇಲ್’ ಅಂತ ಕಂಡರೆ ಅದನ್ನು ಬಿಟ್ಟೂ ಒಮ್ಮೆ ಹುಡುಕಿ. 1939ರ ಜನವರಿಯಿಂದ ಸರ್ಕಾರ ಕಡ್ಡಾಯವಾಗಿ ಸೇರಿಸಿದ ಹೆಸರು ಅದು. ಮನೆಯವರು ಇಟ್ಟಿದ್ದಲ್ಲ.