ಎಲ್ಲಿ ನೋಡ್ಬೇಕು ಅನ್ನೋದನ್ನ ಕಲಿಯೋಕೇ ಹತ್ತು ವರ್ಷ ಹಿಡೀತು

ಪಾರ್ಟು ಮಾಡೋದು ಹೇಗೆ ಕಲ್ತ್ರಿ ಅಂತ ಈಗಿನ ಹುಡುಗೀರು ಕೇಳ್ತಿರ್ತಾರೆ. ಯಾರೂ ಕೂರ್ಸಿ ಕಲಿಸ್ಲಿಲ್ಲಮ್ಮ, ಬೈಸ್ಕೊಂಡು ಬೈಸ್ಕೊಂಡು ಬಂದಿದ್ದು. ಕಂಪನಿ ನಾಟಕದಲ್ಲಿ, ಸಿನಿಮಾದಲ್ಲಿ, ಆಮೇಲೆ ದೂರದರ್ಶನದಲ್ಲಿ, ಮೂರು ಕಡೆನೂ ಬೈಸ್ಕೊಂಡಿದ್ದು ಒಂದೇ ವಿಷ್ಯಕ್ಕೆ, ನನ್ನ ಕಣ್ಣಿಗೆ. (ಬೆಂಗಳೂರಿಗೆ ಬಂದು ನಲವತ್ತು ವರ್ಷದ ಮೇಲಾಯ್ತು, ನನ್ನ ಭಾಷೆ ಕಲಬೆರಕೆ ಆಗಿದೆ, ಅಡ್ಜಸ್ಟ್ ಮಾಡ್ಕೊಳಿ.)

1972ರಲ್ಲಿ ಕಂಪನಿ ಸೇರ್ದೆ, ಹದಿನಾಲ್ಕು ವರ್ಷ ಆಗ. ಬಾದಾಮಿ ಹತ್ರ ಬನಶಂಕರಿ ಜಾತ್ರೆ ಅಂದ್ರೆ ಗೊತ್ತಲ್ಲ, ಒಂದರ ಪಕ್ಕ ಒಂದು ಕಂಪನಿ ಟೆಂಟು ಹಾಕಿರ್ತಾರೆ, ನಮ್ಮ ಹಾಡು ಅವರಿಗೆ ಅವರ ಹಾಡು ನಮಗೆ ಕೇಳ್ತಿರತ್ತೆ, ರಾತ್ರಿಗೆ ಒಂದು ಶೋ ಮುಗಿದು ಜನ ಎದ್ದು ಹೋಗೋದ್ರೊಳಗೆ ಇನ್ನೊಂದಕ್ಕೆ ಟಿಕೆಟ್ ಹರೀತಿರ್ತಾರೆ. ಸ್ಟೇಜ್ ಮೇಲಿಂದ ಮೈಕ್ ಇಳಿಬಿಟ್ಟಿರ್ತಿದ್ರು, ಮಾತಾಡ್ಬೇಕು ಅಂದ್ರೆ ಅದರ ಕೆಳಗೇ ಬರ್ಬೇಕು. ಹಂಗಾಗಿ ಗಂಡ ಹೆಂಡ್ತಿ ಜಗಳ ಆಡೋ ಸೀನಲ್ಲೂ ಇಬ್ರೂ ಒಬ್ರ ಮುಖ ಒಬ್ರು ನೋಡಲ್ಲ, ಅಕ್ಕಪಕ್ಕ ನಿಂತು ಜನದ ಕಡೆ ತಿರುಗಿ ಜಗಳ ಆಡೋದು! ನಾನು ಮೊದಲ್ನೇ ವಾರ ಎದುರಿನ ಪಾತ್ರದ ಮುಖ ನೋಡ್ಕೊಂಡು ಮಾತಾಡ್ದೆ, ಪರದೆ ಬಿದ್ದ ಮೇಲೆ ಮಾಸ್ತರ್ ಬೈದ್ರು. "ಯವ್ವಾ, ರೊಕ್ಕಾ ಕೊಟ್ಟಾವ ಅವನೇನು? ಹಿಂದಿನ ಕಂಬಕ್ಕ ಒರಗಿ ಕುಂತಾನಲ್ಲ, ಅವನ್ನ ನೋಡಿ ಮಾತಾಡು." ಏಳು ವರ್ಷ ಆ ಕಂಬಾನೇ ನೋಡಿದೀನಿ ನಾನು. ಊರು ಬದಲಾಗ್ತಿತ್ತು, ಕಂಬ ಬದಲಾಗ್ತಿರ್ಲಿಲ್ಲ.

ಆಮೇಲೆ ಸಿನಿಮಾ. 1979ರಲ್ಲಿ ಅಕ್ಕನ ಪಾರ್ಟು ಸಿಕ್ತು. ಮೊದಲ್ನೇ ಕ್ಲೋಸಪ್ಪಿಗೆ ಎದುರಿಗೆ ಇರ್ಬೇಕಾದ ಹೀರೋ ಊಟಕ್ಕೆ ಹೋಗಿದ್ರು, ಅಸಿಸ್ಟೆಂಟ್ ಡೈರೆಕ್ಟರ್ ಹುಡುಗ ಕ್ಯಾಮೆರಾ ಪಕ್ಕ ಮುಷ್ಟಿ ಹಿಡ್ಕೊಂಡು ನಿಂತು "ಇದೇ ನಿಮ್ಮ ತಮ್ಮ ಅಂದ್ಕೊಳಿ ಮೇಡಂ" ಅಂದ. ಅಂದ್ಕೊಂಡೆ, ಡೈಲಾಗ್ ಶುರು ಮಾಡ್ದೆ, ಕಣ್ಣು ತಾನಾಗೇ ಹೋಗಿ ಹಿಂದ್ಗಡೆ ಲೈಟ್ ಸ್ಟ್ಯಾಂಡಿಗೆ ಅಂಟ್ಕೊಳ್ತು, ನನ್ನ ಕಂಬ! ಕಟ್. ಇನ್ನೊಂದ್ಸಲ, ಕಟ್. ಆಗೆಲ್ಲ ಕ್ಯಾಮೆರಾಗೆ ಫಿಲ್ಮ್ ಸುರುಳಿ ಹಾಕೋದು, ನಾನೂರು ಅಡಿ ಫಿಲ್ಮು ನಾಲ್ಕೂವರೆ ನಿಮಿಷಕ್ಕೆ ಖಾಲಿ ಆಗ್ತಿತ್ತು, ನಿಮ್ಮ ತಪ್ಪಿಗೆ ಎಷ್ಟು ಅಡಿ ಹೋಯ್ತು ಅಂತ ಲೆಕ್ಕ ಹಾಕ್ಕೊಂಡು ಪ್ರೊಡಕ್ಷನ್‌ನೋರು ಮೂಲೇಲಿ ನಿಂತಿರ್ತಿದ್ರು, ಅವರ ಮುಖ ನೋಡಿದ್ರೆ ಅಳು ತಾನಾಗೇ ಬರ್ತಿತ್ತು, ಗ್ಲಿಸರಿನ್ ಬೇಕಿರ್ಲಿಲ್ಲ.

ಅಲ್ಲಿ ಹಿರಿಯ ನಟಿ ಒಬ್ರು ಹೇಳ್ಕೊಟ್ಟಿದ್ದು ಇವತ್ತಿಗೂ ಪಾಲಿಸ್ತೀನಿ. ಎದುರಿಗಿರೋರ ಎರಡೂ ಕಣ್ಣು ನೋಡೋಕೆ ಹೋಗ್ಬೇಡ, ನಮ್ಮ ದೃಷ್ಟಿ ಆ ಕಣ್ಣಿಂದ ಈ ಕಣ್ಣಿಗೆ ಓಡಾಡ್ತಿರತ್ತೆ, ದಿನಾ ಮನೇಲಿ ಮಾತಾಡೋವಾಗ ಅದು ಗೊತ್ತೇ ಆಗಲ್ಲ ಆದ್ರೆ ದೊಡ್ಡ ಪರದೆ ಮೇಲೆ ಹುಚ್ಚಿ ಥರ ಕಾಣತ್ತೆ. ಒಂದೇ ಕಣ್ಣು ಹಿಡ್ಕೊ, ಕ್ಯಾಮೆರಾಗೆ ಹತ್ರ ಇರೋ ಕಣ್ಣು. ಇನ್ನೊಂದು ನಾನೇ ಕಂಡ್ಕೊಂಡಿದ್ದು. ನೆಲದ ಮೇಲೆ ಚಾಕ್‌ಪೀಸಲ್ಲಿ ಮಾರ್ಕ್ ಹಾಕಿರ್ತಾರೆ, ಸರಿಯಾಗಿ ಅಲ್ಲಿ ಬಂದು ನಿಲ್ಲಬೇಕು, ಆದ್ರೆ ಕೆಳಗೆ ನೋಡಂಗಿಲ್ಲ. ರಿಹರ್ಸಲ್ ಟೈಮಲ್ಲಿ ಮಾರ್ಕ್ ಮೇಲೆ ನಿಂತು ಅಲ್ಲಿಂದ ಬಾಗಿಲ ತನಕ ಹಿಂದಕ್ಕೆ ಹೆಜ್ಜೆ ಎಣಿಸ್ಕೊಂಡು ಹೋಗ್ತಿದ್ದೆ. ಐದು ಅಂದ್ರೆ ಟೇಕಲ್ಲಿ ಐದು ಹೆಜ್ಜೆ, ಸೆರಗು ಸಿಕ್ಕಾಕೊಳ್ಳಿ ಬಿಡ್ಲಿ.

ಆಗ ಡಬ್ಬಿಂಗ್ ಮದ್ರಾಸಲ್ಲಿ. ಸೀನಿನ ತುಂಡನ್ನ ಲೂಪ್ ಮಾಡಿ ಅದನ್ನೇ ತಿರ್ಗಾ ತಿರ್ಗಾ ಓಡಿಸ್ತಿದ್ರು, ತುಟಿಗೆ ಮಾತು ಕೂರೋವರೆಗೂ ನಿಂತಿರ್ಬೇಕಿತ್ತು. ಬರೀ ತುಟಿ ನೋಡಿದ್ರೆ ಲೇಟ್ ಆಗತ್ತೆ. ಮಾತಿಗೆ ಮುಂಚೆ ಉಸಿರು ತಗೊಂಡಾಗ ಕುತ್ತಿಗೆ ಏಳತ್ತಲ್ಲ ಅದನ್ನ ನೋಡ್ಕೊಂಡು ಹಿಡೀಬೇಕು. ಅದೊಂದ್ ಬಿಟ್ರೆ ಡಬ್ಬಿಂಗ್ ಬಗ್ಗೆ ಹೇಳೋಕೆ ಏನಿಲ್ಲ, ಗಂಟ್ಲು ನೋವು ಅಷ್ಟೇ.

ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ಕ್ಕೆ. ಆಗ ಸಿನಿಮಾದೋರು ಟೀವಿ ಅಂದ್ರೆ ಮೂಗು ಮುರೀತಿದ್ರು, ಚಿಕ್ಕ ಡಬ್ಬಿ ಅಂತ. ನನಗೆ ಸಿನಿಮಾದಲ್ಲಿ ಅಕ್ಕನಿಂದ ಅಮ್ಮನಿಗೆ ಪ್ರಮೋಷನ್ ಆಗಿತ್ತು (ವಯಸ್ಸು ಇಪ್ಪತ್ತೈದು!), ಬಿಗುಮಾನ ಇಟ್ಕೊಂಡು ಏನ್ ಮಾಡ್ಲಿ, ನಾಟಕಕ್ಕೆ ಕರೆದಾಗ ಹೋದೆ. ಅಪ್ಪಟ ಬಿಳಿ ಸೀರೆ ಉಡ್ಬೇಡಿ, ಸಣ್ಣ ಗೆರೆ ಇರೋದೂ ಬೇಡ, ಪರದೆ ಮೇಲೆ ಕುಣಿಯತ್ತೆ ಅಂದ್ರು, ವಿಧವೆ ಪಾತ್ರಕ್ಕೆ ಕೆನೆ ಬಣ್ಣದ ಸೀರೆ ಹುಡುಕ್ಕೊಂಡು ಹೋದೆ. ಸ್ಟುಡಿಯೋದಲ್ಲಿ ಮೂರು ಕ್ಯಾಮೆರಾ, ನೆಲದ ತುಂಬಾ ಹಾವಿನ ಥರ ಕೇಬಲ್ಲು, ಪ್ರೊಡ್ಯೂಸರ್ ಎಲ್ಲೋ ಮೇಲೆ ಗಾಜಿನ ಹಿಂದೆ, ಅವರ ಮಾತು ಹೆಡ್‌ಫೋನ್ ಹಾಕಿರೋ ಫ್ಲೋರ್ ಮ್ಯಾನೇಜರ್‌ಗೆ ಮಾತ್ರ ಕೇಳತ್ತೆ. ಸೀನು ಮಧ್ಯ ನಿಲ್ಸದೆ ಓಡತ್ತೆ ಅಂದಾಗ ಖುಷಿ ಆಯ್ತು, ನಾಟಕದ ಹಂಗೇ ಅಂತ. ಆದ್ರೆ ಯಾವ ಕ್ಯಾಮೆರಾ ತಗೊಳ್ತಿದೆಯೋ ಅದರ ಮೇಲೆ ಕೆಂಪು ದೀಪ ಹತ್ಕೊಳ್ಳತ್ತೆ. ನಾನು ಕಂಪನಿ ಹೆಣ್ಣು, ಜನ ಎಲ್ಲಿದ್ರೆ ಅಲ್ಲಿ ತಿರುಗೋಳು, ಆ ದೀಪ ಹತ್ತಿದ ಕಡೆಗೆಲ್ಲ ಸೂರ್ಯಕಾಂತಿ ಥರ ತಿರುಗ್ತಿದ್ದೆ. ಕೊನೆಗೆ ಜೊತೆ ನಟರ ಎಡಗಣ್ಣನ್ನೇ ಗಟ್ಟಿಯಾಗಿ ಹಿಡ್ಕೊಂಡೆ, ದೀಪ ಸತ್ರೂ ಹತ್ತಿದ್ರೂ ಬಿಡ್ಲಿಲ್ಲ. ಪಾಪ ಅವರು ರೆಕಾರ್ಡಿಂಗ್ ಮುಗಿದ ಮೇಲೆ ಕೇಳಿದ್ರು, "ನನ್ನ ಕಣ್ಣಲ್ಲಿ ಏನಾದ್ರೂ ಬಿದ್ದಿತ್ತಾಮ್ಮ?" ಅಂತ.

ದುಡ್ಡು ಚೆಕ್ಕಲ್ಲಿ ಬಂತು. ಕಂಪನೀಲಿ ಕೈಗೆ ಕೊಡೋರು, ಸಿನಿಮಾದಲ್ಲಿ ಕವರಲ್ಲಿ. ಚೆಕ್ ಹಾಕೋಕೆ ನನಗೆ ಬ್ಯಾಂಕ್ ಅಕೌಂಟೇ ಇರ್ಲಿಲ್ಲ, ಆಮೇಲೆ ತೆಗೆಸಿದ್ದು.

ನಾಟಕ ಟೀವೀಲಿ ಬಂದ ದಿನ ನಮ್ಮನೇಲಿ ಟೀವಿ ಇಲ್ಲ, ಎದುರುಮನೆಗೆ ಹೋದೆ. ಬೀದಿಯವರೆಲ್ಲ ಅಲ್ಲೇ, ಮಕ್ಕಳು ನೆಲದ ಮೇಲೆ, ಗಂಡಸರು ಬಾಗಿಲಲ್ಲಿ. ನನಗೆ ಹಿಂದೆ ಗೋಡೆ ಪಕ್ಕ ಜಾಗ ಸಿಕ್ತು. ಎದುರುಮನೆ ಅಜ್ಜಿ ಒಂದ್ಸಲ ಪರದೆ ನೋಡೋರು, ಒಂದ್ಸಲ ನನ್ನ ನೋಡೋರು, ಯಾವುದನ್ನ ನಂಬೋದು ಅನ್ನೋ ಹಂಗೆ. ನಾನು ಅಳೋ ಸೀನು ಬಂದಾಗ ಅವರೂ ಸೆರಗು ಕಣ್ಣಿಗೆ ತಗೊಂಡ್ರು. ಆ ಸೀನಲ್ಲಿ ನಾನು ಹೆಂಗ್ ಮಾಡಿದೀನಿ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಗೋಡೆಗೆ ಒರಗಿ ಅಜ್ಜಿ ಮುಖಾನೇ ನೋಡ್ತಾ ಕೂತುಬಿಟ್ಟಿದ್ದೆ.